ಹುಬ್ಬಳ್ಳಿಯಲ್ಲಿ ಬಿಸಿಲು, ಅರಬೈಲಿನಲ್ಲಿ ಮಳೆ: ಗಾಡಿ ಹತ್ತುವ ಮುಂಚೆ ಏನೇನು ನೋಡಬೇಕು

ಜುಲೈ ತಿಂಗಳ ಒಂದು ಶನಿವಾರ ರಾತ್ರಿ. ಬೆಳಿಗ್ಗೆ ಆರಕ್ಕೆ ಗೋಕರ್ಣಕ್ಕೆ ಹೊರಡೋದು ಅಂತ ಮಾತಾಗಿತ್ತು. ಅವ್ವ ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಳು. ತಂಗಿ ಫೋನ್ ಹಿಡಿದು ಬಂದು, "ನಾಳೆ ಮಳಿ ಇಲ್ಲ ನೋಡಣ್ಣ, ಬರೇ ಮೋಡ ಅಷ್ಟ ತೋರಸಾಕತ್ತೈತಿ" ಅಂದಳು. ನಾನು ಇಣುಕಿ ನೋಡಿದೆ. ಆಪ್‌ನಲ್ಲಿ ಮೇಲೆ ದೊಡ್ಡದಾಗಿ ಹುಬ್ಬಳ್ಳಿ ಅಂತ ಇತ್ತು.

ನಾವೆಲ್ಲ ಮಾಡುವ ಮೊದಲ ತಪ್ಪೇ ಇದು. ಹೋಗೋದು ನೂರೈವತ್ತು ಚಿಲ್ಲರೆ ಕಿಲೋಮೀಟರ್, ನೋಡೋದು ಮನೆ ಮಾಳಿಗೆ ಮೇಲಿನ ಆಕಾಶ. ಪ್ರಯಾಣಕ್ಕೆ ಹೊರಟವರು ಒಂದು ಊರಿನ ಹವಾಮಾನ ನೋಡಿದರೆ ಸಾಲದು. ದಾರಿಯಲ್ಲಿ ಯಾವ ಯಾವ ಜಾಗ ಬರುತ್ತೆ, ಅಲ್ಲಿಗೆ ಎಷ್ಟು ಗಂಟೆಗೆ ಮುಟ್ಟುತ್ತೇವೆ, ಆ ಗಂಟೆಗೆ ಅಲ್ಲಿ ಏನಿರುತ್ತೆ, ಇಷ್ಟನ್ನೂ ಕೂಡಿಸಿ ನೋಡಬೇಕು. ತಂಗಿ ಕೈಗೆ ಒಂದು ಚೀಟಿ ಕೊಟ್ಟು ಬರೆಸಿದೆ. ಹುಬ್ಬಳ್ಳಿ 6:00. ಕಲಘಟಗಿ 6:45. ಯಲ್ಲಾಪುರ 7:45. ಅರಬೈಲ್ ಘಟ್ಟ 8:30. ಅಂಕೋಲಾ 9:45. ಐದೇ ಸಾಲು. ಈಗ ಆಪ್‌ನಲ್ಲಿ ಒಂದೊಂದೇ ಊರು ಹಾಕಿ, ಆ ಗಂಟೆಯದ್ದು ನೋಡು ಅಂದೆ. ಯಲ್ಲಾಪುರ ಹಾಕಿದ ತಕ್ಷಣ ಮೋಡದ ಚಿತ್ರ ಹೋಗಿ ಮಳೆ ಚಿತ್ರ ಬಂತು.

ಇಷ್ಟು ಹತ್ತಿರದ ಊರುಗಳಿಗೆ ಯಾಕೆ ಇಷ್ಟು ವ್ಯತ್ಯಾಸ? ನಮ್ಮ ಭಾಗದವರು ಇದನ್ನು ಚೆನ್ನಾಗಿ ತಿಳಿದುಕೊಂಡಿರಬೇಕು. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ನೀರಾವಿ ತುಂಬಿದ ಗಾಳಿ ಬರುತ್ತದೆ. ಅದಕ್ಕೆ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಐದಾರು ನೂರು ಮೀಟರ್ ಮೇಲೆ ಹತ್ತಲೇಬೇಕು. ಹತ್ತುತ್ತಾ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟು ನೀರು ಹಿಡಿದಿಟ್ಟುಕೊಳ್ಳಲು ಆಗೋದಿಲ್ಲ, ಸುರಿದುಬಿಡುತ್ತದೆ. ಹೊರೆ ಇಳಿಸಿಕೊಂಡ ಗಾಳಿಯೇ ಆಮೇಲೆ ನಮ್ಮ ಕಡೆಗೆ ಬರೋದು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆಯಾದರೆ, ಗದಗಿನ ಕಡೆ 600ರಿಂದ 700 ಮಿ.ಮೀ. ಆದರೆ ಅದೇ ಒಳ್ಳೆ ವರ್ಷ. ಹಾವೇರಿ ಜಿಲ್ಲೆಯೊಳಗೇ ನೋಡಿ, ಮಲೆನಾಡಿನ ಸೆರಗಿಗೆ ಇರುವ ಹಾನಗಲ್ಲಿನ ಮಳೆ ಬೇರೆ, ರಾಣೆಬೆನ್ನೂರಿನ ಮಳೆ ಬೇರೆ.

ಹಾಗಾಗಿ ಹವಾಮಾನ ಇಲಾಖೆಯ ಮುನ್ಸೂಚನೆ ಓದುವಾಗಲೂ ಒಂದು ವಿಷಯ ನೆನಪಿರಲಿ. ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಧಾರವಾಡ, ಗದಗ, ಹಾವೇರಿ ಮೂರೂ ಉತ್ತರ ಒಳನಾಡಿಗೆ ಸೇರಿದವು. ಉತ್ತರ ಕನ್ನಡ ಜಿಲ್ಲೆ ಕರಾವಳಿಗೆ ಸೇರುತ್ತದೆ. ಯಲ್ಲಾಪುರ, ಶಿರಸಿ, ಹಳಿಯಾಳ, ದಾಂಡೇಲಿ ಘಟ್ಟದ ಮೇಲಿದ್ದರೂ ಅವುಗಳ ಎಚ್ಚರಿಕೆ ಬರೋದು ಕರಾವಳಿಯ ಪಟ್ಟಿಯಲ್ಲಿ. "ಉತ್ತರ ಒಳನಾಡಿನಲ್ಲಿ ಹಗುರ ಮಳೆ" ಅಂತ ಕೇಳಿ ಧೈರ್ಯ ಮಾಡಿ ದಾಂಡೇಲಿಗೆ ಹೊರಟರೆ, ನೀವು ಕೇಳಿದ್ದು ಬೇರೆ ಸೀಮೆಯ ಸುದ್ದಿ.

ಆ ಮುನ್ಸೂಚನೆಯ ಭಾಷೆಯನ್ನೂ ಸ್ವಲ್ಪ ಬಿಡಿಸಿ ನೋಡೋಣ. ರೇಡಿಯೋದಲ್ಲಿ ಕೇಳಿ ಕೇಳಿ ನಮಗೆ ಅದು ಸುಮ್ನೆ ಒಂದು ರಾಗ ಆಗಿಬಿಟ್ಟಿದೆ, ಆದರೆ ಒಂದೊಂದು ಪದಕ್ಕೂ ಲೆಕ್ಕ ಇದೆ. "ಒಂದೆರಡು ಕಡೆ" ಅಂದರೆ ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ. "ಕೆಲವು ಕಡೆ" ಅಂದರೆ ಅರ್ಧದವರೆಗೆ, "ಹಲವು ಕಡೆ" ಅಂದರೆ ಮುಕ್ಕಾಲಿನವರೆಗೆ, "ಬಹುತೇಕ ಎಲ್ಲ ಕಡೆ" ಅಂದರೆ ಅದಕ್ಕೂ ಮೇಲೆ. ಇನ್ನು ಮಳೆಯ ಪ್ರಮಾಣ. 24 ಗಂಟೆಯಲ್ಲಿ 15.5 ಮಿ.ಮೀ. ತನಕ ಹಗುರ ಮಳೆ, 64.4ರ ತನಕ ಸಾಧಾರಣ, 64.5ರಿಂದ 115.5 ಆದರೆ ಭಾರಿ, 204.4ರ ತನಕ ಅತಿ ಭಾರಿ, ಅದನ್ನೂ ದಾಟಿದರೆ ಅತ್ಯಂತ ಭಾರಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 100 ಮಿ.ಮೀ. ಅಂದರೆ ನಿಮ್ಮ ಅಂಗಳದ ಪ್ರತಿ ಚದರ ಮೀಟರಿಗೆ ನೂರು ಲೀಟರ್, ಅಂದಾಜು ಐದಾರು ಕೊಡ ನೀರು ಸುರಿದ ಹಾಗೆ. ಘಟ್ಟದ ಇಡೀ ಇಳಿಜಾರಿಗೆ ಅದನ್ನು ಗುಣಿಸಿ ನೋಡಿ.

ಇಲ್ಲಿ ಎರಡು ಸೂಕ್ಷ್ಮ ಇವೆ. ಇಲಾಖೆಯ ಮಳೆ ದಿನ ಮಧ್ಯರಾತ್ರಿಗೆ ಶುರುವಾಗೋದಿಲ್ಲ, ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕ. ಭಾನುವಾರದ ಪತ್ರಿಕೆಯಲ್ಲಿ ಬರುವ ಮಳೆ ಲೆಕ್ಕ ಶನಿವಾರ ಬೆಳಿಗ್ಗೆಯ ತನಕದ್ದು ಇರಬಹುದು. ಇನ್ನೊಂದು, ಈ ಅಂಕಿ ಇಡೀ ದಿನದ್ದು. 60 ಮಿ.ಮೀ. ಮಳೆ ದಿನವಿಡೀ ಜಿಟಿಜಿಟಿ ಅಂತ ಬಂದರೆ ಗಾಡಿ ನಿಧಾನ ಮಾಡಿಕೊಂಡು ಹೋಗಬಹುದು. ಅದೇ 60 ಮಿ.ಮೀ. ಒಂದೇ ತಾಸಿನಲ್ಲಿ ಹೊಡೆದರೆ ವೈಪರ್ ಎಷ್ಟು ಜೋರಾಗಿ ಆಡಿದರೂ ಮುಂದಿನ ಗಾಡಿಯ ಕೆಂಪು ದೀಪ ಕಾಣೋದಿಲ್ಲ. ಎರಡಕ್ಕೂ ಹೆಸರು "ಸಾಧಾರಣ ಮಳೆ". ಅದಕ್ಕೇ ಗಂಟೆವಾರು ಲೆಕ್ಕ ನೋಡಿ ಅಂತ ಹೇಳೋದು.

ಬಣ್ಣದ ಎಚ್ಚರಿಕೆ ಎಲ್ಲರಿಗೂ ಗೊತ್ತು, ಆದರೆ ಅರ್ಥ ಅಷ್ಟಾಗಿ ಗೊತ್ತಿಲ್ಲ. ಹಸಿರು ಅಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಅಂದರೆ ಗಮನ ಇರಲಿ, ಸುದ್ದಿ ನೋಡುತ್ತಾ ಇರಿ. ಕಿತ್ತಳೆ ಅಂದರೆ ತಯಾರಾಗಿರಿ, ರಸ್ತೆ, ಕರೆಂಟು ಕೈಕೊಡಬಹುದು. ಕೆಂಪು ಅಂದರೆ ಕೈಕಟ್ಟಿ ಕೂರುವ ಹೊತ್ತು ಮೀರಿದೆ, ಈಗಲೇ ಕ್ರಮ ತಗೊಳ್ಳಿ. ಮಳೆ ಎಷ್ಟು ಅನ್ನುವುದರ ಜೊತೆಗೆ ಅದು ಬರುವ ಸಾಧ್ಯತೆ ಎಷ್ಟು, ಬಂದರೆ ಏನು ಹಾನಿ ಅನ್ನುವುದನ್ನೂ ಸೇರಿಸಿ ಈ ಬಣ್ಣ ಕೊಡುತ್ತಾರೆ. ನನ್ನ ಮಟ್ಟಿಗೆ ಉತ್ತರ ಕನ್ನಡಕ್ಕೆ ಕೆಂಪು ಅಥವಾ ಕಿತ್ತಳೆ ಇದ್ದರೆ ಸುಮ್ನೆ ತಿರುಗಾಡಲು ಆ ಘಟ್ಟ ಇಳಿಯೋದಿಲ್ಲ. ಹಳದಿ ಇದ್ದರೆ ಇನ್ನೂ ನಾಲ್ಕು ವಿಷಯ ನೋಡಿ ತೀರ್ಮಾನ ಮಾಡುತ್ತೇನೆ. ಆ ಶನಿವಾರ ಹಳದಿ ಇತ್ತು.

ಈಗ ಫೋನ್‌ನಲ್ಲಿ ಬರುವ ಆ ಶೇಕಡಾ ಲೆಕ್ಕಕ್ಕೆ ಬರೋಣ. "ಮಳೆ 60%" ಅಂತ ಇದ್ದರೆ ಜನ ಮೂರು ಥರ ಓದುತ್ತಾರೆ. ದಿನದಲ್ಲಿ ಅರವತ್ತು ಭಾಗ ಹೊತ್ತು ಮಳೆ ಅಂತ ಕೆಲವರು, ಊರಿನ ಅರವತ್ತು ಭಾಗಕ್ಕೆ ಮಳೆ ಅಂತ ಕೆಲವರು, ಜೋರು ಮಳೆ ಅಂತ ಇನ್ನು ಕೆಲವರು. ಮೂರೂ ಅಲ್ಲ. ಇಂಥದ್ದೇ ಪರಿಸ್ಥಿತಿ ಹತ್ತು ಸಲ ಬಂದರೆ ಆರು ಸಲ ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಮಳೆ ಬೀಳುತ್ತದೆ ಅಂತ ಅರ್ಥ. ಎಷ್ಟು ಬೀಳುತ್ತದೆ ಅನ್ನೋದು ಅದರಲ್ಲಿಲ್ಲ. ಮುಂಗಾರಿನಲ್ಲಿ ಯಲ್ಲಾಪುರಕ್ಕೆ 90% ಅಂತ ದಿನಾ ತೋರಿಸಬಹುದು, ಅದು ಬರೀ ಜಿನುಗು ಮಳೆ ಆಗಿರಬಹುದು. ಮೇ ತಿಂಗಳಲ್ಲಿ ಗದಗಿಗೆ 30% ತೋರಿಸಿ ಆಲಿಕಲ್ಲು ಸುರಿಯಬಹುದು. ಹಾಗಾಗಿ ಶೇಕಡಾ ಪಕ್ಕದಲ್ಲಿ ಮಿಲಿಮೀಟರ್ ಎಷ್ಟಿದೆ ಅಂತ ನೋಡಿ.

ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಅದನ್ನು ಎಷ್ಟು ನಂಬಬೇಕು ಅನ್ನೋದೂ ತಿಳಿಯುತ್ತದೆ. ಯಾರೂ ಯಲ್ಲಾಪುರದಲ್ಲಿ ಕೂತು ಆಕಾಶ ನೋಡಿ ನಿಮ್ಮ ಆಪ್‌ಗೆ ಕಳಿಸುತ್ತಿಲ್ಲ. ದೊಡ್ಡ ಕಂಪ್ಯೂಟರುಗಳು ಇಡೀ ಭೂಮಿಯನ್ನು ಚೌಕ ಚೌಕ ಮಾಡಿ, ಪ್ರತಿ ಚೌಕಕ್ಕೆ ಗಾಳಿ, ಒತ್ತಡ, ಆವಿ ಲೆಕ್ಕ ಹಾಕುತ್ತವೆ. ಯುರೋಪಿನವರ ಮಾದರಿಯಲ್ಲಿ ಒಂದು ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್ ಮಾದರಿಯಲ್ಲಿ ಸುಮಾರು 13 ಕಿ.ಮೀ. ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ ಶುರುವಾಯಿತು, ಅದರದ್ದು 6 ಕಿ.ಮೀ. ಚೌಕ. ಒಂದು ಚೌಕದೊಳಗೆ ಘಟ್ಟದ ನೆತ್ತಿ, ಇಳಿಜಾರು, ಕೆಳಗಿನ ಹೊಳೆ ಎಲ್ಲ ಬಂದುಬಿಡಬಹುದು. ಕಂಪ್ಯೂಟರಿಗೆ ಅದೆಲ್ಲ ಸೇರಿ ಒಂದೇ ಜಾಗ. ಅದಕ್ಕೇ ಘಟ್ಟದ ವಿಷಯದಲ್ಲಿ ಆಪ್ ಹೇಳಿದ್ದಕ್ಕಿಂತ ಜಾಸ್ತಿ ಮಳೆ ಇರಬಹುದು ಅಂತಲೇ ಹಿಡಿಯಿರಿ. ವಿಂಡಿ ಥರದ ಆಪ್‌ನಲ್ಲಿ ಒಂದೇ ಊರಿಗೆ ಎರಡು ಮೂರು ಮಾದರಿ ಹೋಲಿಸಿ ನೋಡಬಹುದು. ಎಲ್ಲವೂ ಒಂದೇ ಮಾತು ಹೇಳಿದರೆ ನಂಬಿಕೆ ಜಾಸ್ತಿ. ಒಂದು 5 ಮಿ.ಮೀ., ಇನ್ನೊಂದು 50 ಮಿ.ಮೀ. ಅಂದರೆ, ಅವಕ್ಕೇ ಇನ್ನೂ ಗ್ಯಾರಂಟಿ ಇಲ್ಲ ಅಂತ ಅರ್ಥ. ಆಗ ರಾತ್ರಿ ತೀರ್ಮಾನ ಮಾಡಬೇಡಿ, ಬೆಳಿಗ್ಗೆ ಎದ್ದು ಇನ್ನೊಮ್ಮೆ ನೋಡಿ. ಮಾದರಿಗಳು ಹಲವು ತಾಸಿಗೊಮ್ಮೆ ಹೊಸ ಲೆಕ್ಕ ಹಾಕುತ್ತಲೇ ಇರುತ್ತವೆ. ಹತ್ತು ದಿನ ಮುಂಚೆ ಆಪ್‌ನಲ್ಲಿ ಬಿಸಿಲು ನೋಡಿ ರೂಮು ಬುಕ್ ಮಾಡುವುದಂತೂ ಬೇಡ.

ಇಲ್ಲಿಯ ತನಕ ಹೇಳಿದ್ದು ಬರುವ ಮಳೆಯ ವಿಷಯ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಬಂದು ಹೋದ ಮಳೆ. ಘಟ್ಟದ ಗುಡ್ಡ ಕುಸಿಯೋದು ಸಾಮಾನ್ಯವಾಗಿ ಮೊದಲ ಮಳೆಗಲ್ಲ. ದಿನಗಟ್ಟಲೆ ಮಳೆ ಹಿಡಿದು ಮಣ್ಣು ನೀರು ಕುಡಿದು ಕುಡಿದು ಭಾರವಾಗುತ್ತದೆ, ಒಳಗಿನ ಹಿಡಿತ ಸಡಿಲವಾಗುತ್ತದೆ, ರಸ್ತೆಗೆ ಅಂತ ಗುಡ್ಡವನ್ನು ನೆಟ್ಟಗೆ ಕಡಿದ ಕಡೆ ಕೆಳಗೆ ಆಸರೆಯೇ ಇರೋದಿಲ್ಲ. ಆಮೇಲೆ ಒಂದು ಜೋರು ಮಳೆ ಸಾಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದನ್ನು ನಾವ್ಯಾರೂ ಮರೆತಿಲ್ಲ. ಹೆದ್ದಾರಿ 66ರ ಪಕ್ಕದ ಗುಡ್ಡ ಬಂದು ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ಗಾಡಿಗಳನ್ನು ಗಂಗಾವಳಿ ಹೊಳೆಗೆ ತಳ್ಳಿತು. ಹೊಳೆಯೊಳಗಿನ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಂಕೋಲಾದಿಂದ ಗೋಕರ್ಣಕ್ಕೆ ಹೆದ್ದಾರಿ ಹಿಡಿದು ಹೋಗುವವರು ಅದೇ ಜಾಗ ದಾಟಿ ಹೋಗಬೇಕು. ಅದಕ್ಕೂ ಮುಂಚೆ 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲೇ ಗುಡ್ಡ ಕುಸಿದು ಹುಬ್ಬಳ್ಳಿ-ಅಂಕೋಲಾ ರಸ್ತೆ ಬಂದ್ ಆಗಿತ್ತು.

ಹಾಗಾಗಿ ಹೊರಡುವ ಮುಂಚೆ ಹಿಂದಿನ ಮೂರು ದಿನದ ಮಳೆ ಎಷ್ಟು ಅಂತ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅವರ ಮಳೆ ವರದಿ, ನಕ್ಷೆಗಳು ಎಲ್ಲರಿಗೂ ಸಿಗುತ್ತವೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ರೈತರು ಬಿತ್ತನೆಗೆ ಕೇಳುತ್ತಾರೆ, ಪ್ರಯಾಣಕ್ಕೂ ಅದೇ ಮಾಹಿತಿ ಸಾಕು. ಮೂರು ದಿನ ಎಡೆಬಿಡದೆ ಸುರಿದಿದ್ದರೆ, ನಾಲ್ಕನೇ ದಿನ ಆಪ್‌ನಲ್ಲಿ ಸೂರ್ಯ ಕಂಡರೂ ಘಟ್ಟ ಇನ್ನೂ ನೀರು ಕುಡಿದೇ ಕೂತಿರುತ್ತದೆ.

ಬಯಲಿಗೆ ಬಂದರೆ ಇದೇ ವಿಷಯ ಬೇರೆ ರೂಪ ತಾಳುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರದ ಕಡೆ ಹೋಗುವ ದಾರಿಯಲ್ಲಿ ಕೊಣ್ಣೂರು ಬರುತ್ತದೆ, ಮಲಪ್ರಭೆಯ ದಂಡೆ. 2019ರ ಆಗಸ್ಟ್ ನೆರೆಯಲ್ಲಿ ಅಲ್ಲಿ ಹೆದ್ದಾರಿಯ ಮೇಲೆಯೇ ಹೊಳೆ ಹರಿಯಿತು. ಕೊಣ್ಣೂರಿನಲ್ಲಿ ಒಂದು ಹನಿ ಬೀಳದಿದ್ದರೂ ಹೀಗಾಗಬಹುದು. ಮಲಪ್ರಭೆ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ಮಳೆಯ ಮಡಿಲಲ್ಲಿ. ಅಲ್ಲಿ ಸುರಿದ ನೀರು ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮ್ ತುಂಬುತ್ತದೆ, ಗೇಟು ಎತ್ತಿದರೆ ಕೊಣ್ಣೂರಿಗೆ ಬರುತ್ತದೆ. ಬಿಸಿಲಲ್ಲಿ ಗಾಡಿ ಓಡಿಸುತ್ತಾ ಹೋಗಿ ನೀರಿನ ಮುಂದೆ ನಿಲ್ಲುತ್ತೀರಿ. ಬೆಣ್ಣಿಹಳ್ಳವೂ ಹಾಗೇ. ಬೇಸಿಗೆಯಲ್ಲಿ ನೋಡಿದವರು ಇದು ಹಳ್ಳವೇ ಅಂತ ಕೇಳುತ್ತಾರೆ. ಮೇಲುಗಡೆ ಹುಬ್ಬಳ್ಳಿ, ಶಿಗ್ಗಾಂವಿ ಕಡೆ ರಾತ್ರಿ ಹೊಡೆದ ಮಳೆ ಬೆಳಗಾಗುವ ಹೊತ್ತಿಗೆ ಯಮನೂರಿನ ಕಡೆ ಎರೆ ಹೊಲಗಳನ್ನೆಲ್ಲ ಮುಳುಗಿಸಿಬಿಟ್ಟಿರುತ್ತದೆ. ಎರೆ ನೆಲ ನೆನೆದು ಉಬ್ಬಿದ ಮೇಲೆ ನೀರು ಒಳಗೆ ಇಳಿಯೋದು ಬಹಳ ನಿಧಾನ, ಬಂದದ್ದೆಲ್ಲ ಮೇಲೆಯೇ ಹರಿಯುತ್ತದೆ. ಹೊಳೆ, ಹಳ್ಳ ದಾಟುವ ದಾರಿ ಇದ್ದರೆ ಅದರ ಮೇಲ್ಗಡೆ ಎಲ್ಲಿ ಮಳೆಯಾಗಿದೆ, ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ ಅಂತ ಕೇಳಿ. ಗಂಗಾವಳಿಗೂ ಇದು ಸಲ್ಲುತ್ತದೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿ ಅನ್ನಿಸಿಕೊಳ್ಳುತ್ತದೆ. ನಮ್ಮೂರ ಮಳೆ ನಮಗಿಂತ ಮುಂಚೆ ಅಂಕೋಲಾ ಮುಟ್ಟಿರುತ್ತದೆ.

ಮಿರಗ ಕೂಡುವ ಮುಂಚಿನ ಮಳೆ ಇದೆಯಲ್ಲ, ಏಪ್ರಿಲ್-ಮೇ ತಿಂಗಳದ್ದು, ಅದಕ್ಕೆ ಈ ಲೆಕ್ಕ ಯಾವುದೂ ಪೂರ್ತಿ ಹೊಂದೋದಿಲ್ಲ. ಒಮ್ಮೆ ಮೇ ತಿಂಗಳಲ್ಲಿ ಗದಗಿನಲ್ಲಿ ಮದುವೆ ಮುಗಿಸಿ ಸಂಜೆ ನಾಲ್ಕೂವರೆಗೆ ಹೊರಟಿದ್ದೆ. ಬೆಳಿಗ್ಗೆ ನೋಡಿದ್ದ ಆಪ್‌ನಲ್ಲಿ ಬರೀ ಬಿಸಿಲು. ಅಣ್ಣಿಗೇರಿ ದಾಟಿ ನಲವಡಿ ಹತ್ತಿರ ಬಂದಾಗ ಪಡುವಣದಲ್ಲಿ ಆಕಾಶ ಕಪ್ಪಾಗಿತ್ತು, ಅದರ ಬುಡದಲ್ಲಿ ಕಂದು ಬಣ್ಣದ ಗೋಡೆ ಥರ ಧೂಳು. ಇನ್ನೂ ಆರೇಳು ಕಿ.ಮೀ. ದೂರ ಇರಬಹುದು ಅಂದುಕೊಂಡು ಮುಂದೆ ಹೋದೆ. ಐದು ನಿಮಿಷ ಆಗಿರಲಿಲ್ಲ, ಗಾಳಿ ಕಾರನ್ನು ಪಕ್ಕಕ್ಕೆ ನೂಕಿತು, ಎದುರಿಗೆ ಏನೂ ಕಾಣಲಿಲ್ಲ, ಮಾಳಿಗೆ ಮೇಲೆ ಗೋಲಿ ಚೆಲ್ಲಿದ ಹಾಗೆ ಆಲಿಕಲ್ಲು ಶುರುವಾಯಿತು. ರಸ್ತೆಯಿಂದ ಪೂರ್ತಿ ಕೆಳಗಿಳಿದು ಒಂದು ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಒಂದು ಫರ್ಲಾಂಗು ಮುಂದೆ ಬೇವಿನ ಗಿಡವೊಂದು ಬುಡಸಮೇತ ರಸ್ತೆಗೆ ಅಡ್ಡ ಬಿದ್ದಿತ್ತು. ಅದರ ನೆರಳಿನಲ್ಲೇ ನಿಲ್ಲಿಸೋಣ ಅಂತ ನನಗೂ ಒಂದು ಕ್ಷಣ ಅನ್ನಿಸಿತ್ತು.

ಇಂಥ ಮಳೆ ಯಾಕೆ ಆಪ್‌ಗೆ ಸಿಗೋದಿಲ್ಲ ಅಂದರೆ, ಅದು ಬೆಳಿಗ್ಗೆ ಹುಟ್ಟಿಯೇ ಇರೋದಿಲ್ಲ. ಮಧ್ಯಾಹ್ನದ ತನಕ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಆವಿ ಸಿಕ್ಕಿದರೆ ಒಂದೆರಡು ತಾಸಿನಲ್ಲಿ ಹತ್ತು ಕಿ.ಮೀ. ಎತ್ತರದ ಮೋಡ ಎದ್ದು ನಿಲ್ಲುತ್ತದೆ. ಈ ಜಿಲ್ಲೆಯಲ್ಲಿ ಎಲ್ಲೋ ಒಂದೆರಡು ಕಡೆ ಬರಬಹುದು ಅಂತ ಹೇಳಬಹುದು, ನಲವಡಿಗೇ ಐದು ಗಂಟೆಗೆ ಅಂತ ಬೆಳಿಗ್ಗೆಯೇ ಹೇಳಲು ಆಗೋದಿಲ್ಲ. ಇದಕ್ಕೆ ಬೇಕಾದ್ದು ನೌಕಾಸ್ಟ್, ಅಂದರೆ ಮುಂದಿನ ಮೂರು ತಾಸಿನ ಮುನ್ಸೂಚನೆ. ಹವಾಮಾನ ಇಲಾಖೆಯ ಮೌಸಮ್ ಆಪ್‌ನಲ್ಲೂ ವೆಬ್‌ಸೈಟಿನಲ್ಲೂ ಸಿಗುತ್ತದೆ. ಸಿಡಿಲಿಗೆ ದಾಮಿನಿ ಆಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಹತ್ತಿರದಲ್ಲಿ ಸಿಡಿಲು ಹೊಡೆಯುತ್ತಿದ್ದರೆ ತೋರಿಸುತ್ತದೆ. ಆಪ್ ಇಲ್ಲದಿದ್ದರೆ ಕಿವಿ ಇದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ಅಷ್ಟು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಬೈಕ್ ಸವಾರರು ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಮುಚ್ಚಿದ ಕಾರಿನೊಳಗೆ ಇದ್ದವರು ಕಿಟಕಿ ಏರಿಸಿ ಒಳಗೇ ಕೂರೋದು ಒಳ್ಳೇದು, ಲೋಹದ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ದಾಟಿಸುತ್ತದೆ.

ರಾಡಾರ್ ಚಿತ್ರ ನೋಡುವುದನ್ನೂ ಕಲಿಯಿರಿ, ಕಷ್ಟ ಏನಿಲ್ಲ. ನಮಗೆ ಹತ್ತಿರದ್ದು ಗೋವಾದ ಡಾಪ್ಲರ್ ರಾಡಾರ್. ಅದು ರೇಡಿಯೋ ಅಲೆ ಬಿಡುತ್ತದೆ, ಮಳೆ ಹನಿಗೆ ತಾಗಿ ವಾಪಸ್ ಬಂದದ್ದನ್ನು ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಕಡೆಗೆ ಇದ್ದರೆ ಹಗುರ, ಹಳದಿ ದಾಟಿ ಕೆಂಪಿಗೆ ಹೋದರೆ ಜೋರು. ಒಂದೇ ಚಿತ್ರ ನೋಡಿ ಬಿಡಬೇಡಿ, ಅರ್ಧ ತಾಸಿನ ಅಂತರದ ಎರಡು ಚಿತ್ರ ಹೋಲಿಸಿ. ಮೋಡ ಅರ್ಧ ತಾಸಿನಲ್ಲಿ 20 ಕಿ.ಮೀ. ಸರಿದಿದ್ದರೆ ಅದರ ವೇಗ ತಾಸಿಗೆ 40. ನಿಮ್ಮಿಂದ 40 ಕಿ.ಮೀ. ದೂರ ಇದ್ದು ನಿಮ್ಮ ಕಡೆಗೇ ಬರುತ್ತಿದ್ದರೆ, ನೀವು ನಿಂತಿದ್ದರೆ ಒಂದು ತಾಸು. ನೀವೂ ಅದರ ಎದುರಿಗೆ ತಾಸಿಗೆ 60ರಂತೆ ಹೋಗುತ್ತಿದ್ದರೆ? ಇಪ್ಪತ್ತನಾಲ್ಕೇ ನಿಮಿಷ. ನಲವಡಿಯಲ್ಲಿ ನಾನು ತಪ್ಪಿದ್ದು ಈ ಲೆಕ್ಕದಲ್ಲೇ, ಎದುರಿಗೆ ಬರುವ ಮೋಡಕ್ಕೆ ನನ್ನ ವೇಗವನ್ನೂ ಕೂಡಿಸಬೇಕಿತ್ತು.

ಆದರೆ ರಾಡಾರಿಗೂ ಒಂದು ಮಿತಿ ಇದೆ. ಭೂಮಿ ಗುಂಡಗಿದೆ, ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಪಣಜಿಯಿಂದ ಹುಬ್ಬಳ್ಳಿ ನೇರ ಲೆಕ್ಕದಲ್ಲಿ ಸುಮಾರು 140 ಕಿ.ಮೀ. ಇಲ್ಲಿಗೆ ಬರುವಷ್ಟರಲ್ಲಿ ಕಿರಣ ನೆಲದಿಂದ ಸುಮಾರು ಎರಡು ಕಿ.ಮೀ. ಮೇಲಿರುತ್ತದೆ, ಗದಗಿಗೆ ಮೂರು. ಮೇ ತಿಂಗಳ ಎತ್ತರದ ಗುಡುಗು ಮೋಡ ಅದಕ್ಕೆ ಚೆನ್ನಾಗಿ ಸಿಗುತ್ತದೆ. ಜುಲೈನ ತಗ್ಗು ಮೋಡದ ಜಡಿ ಮಳೆ ಅದರ ಕೆಳಗೇ ನುಸುಳಿ ಹೋಗಬಹುದು. ರಾಡಾರಿನಲ್ಲಿ ಖಾಲಿ ಇದೆ ಅಂತ ಮುಂಗಾರಿನಲ್ಲಿ ಪೂರ್ತಿ ನಂಬಬೇಡಿ.

ಗಾಳಿ ಮತ್ತು ಮಂಜಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗದಗಿನ ಸುತ್ತ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ, ಮುಂಗಾರಿನಲ್ಲಿ ಆ ಬಯಲಲ್ಲಿ ಗಾಳಿ ಜೋರು, ಲಾರಿ ಹಿಂದಿಕ್ಕಿ ಹೊರಬಂದ ತಕ್ಷಣ ಬೈಕಿಗೆ ಪಕ್ಕದಿಂದ ಏಟು ಬೀಳುತ್ತದೆ. ಆಪ್‌ನಲ್ಲಿ ಗಾಳಿಯ ವೇಗ ಯಾವ ಅಳತೆಯಲ್ಲಿದೆ ನೋಡಿಕೊಳ್ಳಿ: ಒಂದು ನಾಟ್ ಅಂದರೆ ತಾಸಿಗೆ 1.85 ಕಿ.ಮೀ., ಸೆಕೆಂಡಿಗೆ ಒಂದು ಮೀಟರ್ ಅಂದರೆ ತಾಸಿಗೆ 3.6 ಕಿ.ಮೀ. ಚಳಿಗಾಲದಲ್ಲಿ ರಾತ್ರಿ ಆಕಾಶ ನಿಚ್ಚಳ ಇದ್ದು, ಗಾಳಿ ಇಲ್ಲದೆ, ನೆಲ ಹಸಿಯಿದ್ದರೆ ಬೆಳಗಿನ ಜಾವ ಮಂಜು ಖಚಿತ ಅನ್ನಿ. ಎರಡು ತಾಸು ತಡವಾಗಿ ಹೊರಟರೆ ಮುಗಿಯಿತು. ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ, ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ.

ದಾರಿಗೆ ಬಿದ್ದ ಮೇಲೆ ಫೋನ್ ನೋಡುವುದು ಪಕ್ಕದಲ್ಲಿ ಕೂತವರ ಕೆಲಸ. ಓಡಿಸುವವರದ್ದು ರಸ್ತೆ ಮಾತ್ರ. ಒಬ್ಬರೇ ಇದ್ದರೆ ಎಲ್ಲೆಲ್ಲಿ ನಿಲ್ಲಿಸಿ ನೋಡುತ್ತೇವೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಕಾಡಿನಲ್ಲಿ ನೆಟ್‌ವರ್ಕ್ ಹೋಗುತ್ತಾ ಬರುತ್ತಾ ಇರುತ್ತದೆ, ಅದನ್ನು ನಂಬಿ ಕೂರಬೇಡಿ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿ. ರಸ್ತೆ ಬಂದ್ ಆದದ್ದು ಮ್ಯಾಪ್‌ನಲ್ಲಿ ತಡವಾಗಿ ಬರಬಹುದು. ಬಂದ ಮೇಲೂ ಅದು ತೋರಿಸುವ ಒಳದಾರಿ ಇನ್ನೂ ಕೆಟ್ಟ ಹಳ್ಳಕ್ಕೆ ಕರೆದೊಯ್ಯಬಹುದು. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077, ಯಾವುದೇ ತುರ್ತಿಗೆ 112.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಘಟ್ಟದ ಗೋಡೆಯಿಂದ ತಿಳಿನೀರು ಇಳಿಯುತ್ತಿದ್ದರೆ ಮಳೆಗಾಲದಲ್ಲಿ ಅದು ಮಾಮೂಲು. ಅದೇ ನೀರು ಕೆಂಪಾಗಿ, ಸಣ್ಣ ಸಣ್ಣ ಕಲ್ಲು ಹೊತ್ತುಕೊಂಡು ಬರುತ್ತಿದ್ದರೆ ಮೇಲೆ ಮಣ್ಣು ಬಿಚ್ಚಿಕೊಳ್ಳುತ್ತಿದೆ. ಗಿಡಗಳು ರಸ್ತೆ ಕಡೆ ಹೊಸದಾಗಿ ವಾಲಿದ್ದರೆ, ಡಾಂಬರಿನಲ್ಲಿ ಉದ್ದಕ್ಕೆ ಸೀಳು ಕಂಡರೆ, ಅಲ್ಲಿ ನಿಲ್ಲಬೇಡಿ, ಫೋಟೋ ತೆಗೆಯಲಂತೂ ಇಳಿಯಲೇಬೇಡಿ. ಎರೆ ಸೀಮೆಯಲ್ಲಿ ಗುರುತು ಬೇರೆ. ಹೊಲದಿಂದ ಹೊರಬಂದ ಟ್ರ್ಯಾಕ್ಟರ್ ಗಾಲಿಯ ಮಣ್ಣು ಡಾಂಬರಿನ ಮೇಲೆ ಪಟ್ಟೆಪಟ್ಟೆಯಾಗಿ ಅಂಟಿರುತ್ತದೆ. ಒಣಗಿದ್ದಾಗ ಏನೂ ಅಲ್ಲ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಬೆಣ್ಣೆ ಸವರಿದ ಹಾಗೆ ಜಾರುತ್ತದೆ. ಜೋರು ಮಳೆಗಿಂತ ಆ ನಾಲ್ಕು ಹನಿ ಬೈಕಿನವರಿಗೆ ಅಪಾಯ. ಟೈರಿನ ಗೆರೆ 1.6 ಮಿ.ಮೀ.ಗೆ ಸವೆದಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸಿ, ಗೆರೆ ಇಲ್ಲದ ಟೈರು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲ ತನಕ ಅಷ್ಟೇ ಅಂತ ಇಳಿಸಬೇಡಿ. ಹರಿಯುವ ನೀರು ಬರೀ 30 ಸೆಂ.ಮೀ. ಇದ್ದರೂ ಸಣ್ಣ ಕಾರು ಎತ್ತಿ ಒಯ್ಯಬಲ್ಲದು, 60 ಸೆಂ.ಮೀ. ಇದ್ದರೆ ದೊಡ್ಡ ಗಾಡಿಗಳೂ ನಿಲ್ಲೋದಿಲ್ಲ. ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿ ಹೋಗಿದೆಯೋ ಆ ಕೆಸರು ನೀರಿನಲ್ಲಿ ಯಾರಿಗೂ ಕಾಣೋದಿಲ್ಲ. ಮುಂದಿನ ಲಾರಿ ದಾಟಿತು ಅನ್ನೋದು ನಿಮ್ಮ ಕಾರಿಗೆ ಸಾಕ್ಷಿ ಅಲ್ಲ.

ಆ ಭಾನುವಾರ ನಾವು ಹೊರಟೆವು. ಯಲ್ಲಾಪುರದ ಹಿಂದಿನ ಮೂರು ದಿನದ ಮಳೆ ಜಾಸ್ತಿಯೇ ಇತ್ತು, ಎಚ್ಚರಿಕೆ ಹಳದಿ ಇತ್ತು. ಅದಕ್ಕೆ ಮನೆಯಲ್ಲೇ ಒಂದು ಮಾತು ಮಾಡಿಕೊಂಡಿದ್ದೆವು: ಯಲ್ಲಾಪುರದ ತನಕ ಹೋಗೋದು, ಅಲ್ಲಿ ನಿಂತು ಕೇಳೋದು, ಮುಂದೆ ಹೋಗುವ ತೀರ್ಮಾನ ಅಲ್ಲೇ. ಕಲಘಟಗಿ ತನಕ ವೈಪರ್ ಬೇಕಾಗಲಿಲ್ಲ. ಕಿರವತ್ತಿ ದಾಟಿದ ಮೇಲೆ ಅದನ್ನು ನಿಲ್ಲಿಸಲು ಆಗಲಿಲ್ಲ. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಂತೆವು. ಅಂಕೋಲಾ ಕಡೆಯಿಂದ ಹತ್ತಿ ಬಂದ ಬಸ್ಸೊಂದರ ಡ್ರೈವರ್ ಆಗಷ್ಟೇ ಇಳಿದಿದ್ದರು, ಬಸ್ಸಿನ ಗಾಲಿಯ ಮೇಲಿನ ತಗಡಿನ ತನಕ ಕೆಂಪು ಕೆಸರು ಹತ್ತಿತ್ತು.

"ಕೆಳಗ ಹೆಂಗೈತ್ರಿ ಅಣ್ಣಾರ?" ಅಂತ ಕೇಳಿದೆ.

ಅವರು ಕಾರಿನ ಕಡೆ ನೋಡಿದರು, ಹಿಂದೆ ಕೂತ ಅವ್ವನನ್ನು ನೋಡಿದರು. "ಇಳಕಲದಾಗ ಎರಡು ಕಡೆ ಕೆಂಪ ನೀರ ರಸ್ತೆ ಮ್ಯಾಲ ಬರಾಕತ್ತೈತ್ರಿ. ಕಲ್ಲೂ ಬಿದ್ದಾವ. ಗಾಡಿ ಅಡ್ಡ್ಯಾಡಾಕತ್ತಾವ, ಬಂದ್ ಅಂತೇನ ಮಾಡಿಲ್ಲ. ಆದ್ರ ಮನಿ ಮಂದೀನ್ನ ಕರ್ಕೊಂಡು ನಾ ಅಂತೂ ಇವತ್ತ ಇಳಿಯಾಂಗಿಲ್ಲ ನೋಡ್ರಿ."

ತಂಗಿ ನೌಕಾಸ್ಟ್ ತೆಗೆದಳು. ಉತ್ತರ ಕನ್ನಡಕ್ಕೆ ಮುಂದಿನ ಮೂರು ತಾಸೂ ಮಳೆಯೇ ಇತ್ತು. ಅವ್ವ, "ದೇವ್ರು ಎಲ್ಲಿ ಓಡಿ ಹೋಗ್ತಾನ, ತಿರುಗಸು ಗಾಡಿ" ಅಂದಳು. ಕಿರವತ್ತಿ ಹತ್ತಿರ ರಸ್ತೆ ಬದಿ ಒಂದು ಅಂಗಡಿ ಸೂರಿನ ಕೆಳಗೆ ಕೂತು ಬುತ್ತಿ ಬಿಚ್ಚಿದೆವು, ಹನ್ನೊಂದರ ಹೊತ್ತಿಗೆ ಮನೆಯಲ್ಲಿದ್ದೆವು. ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿತ್ತು.

ಗೋಕರ್ಣಕ್ಕೆ ಹೋದದ್ದು ನವೆಂಬರಿನಲ್ಲಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆ ಚೀಟಿ ಹಾಗೇ ಇತ್ತು. ಈ ಸಲ ಮಂಜಿನ ಲೆಕ್ಕ ಹಾಕಿ ತಂಗಿ ಹಳೆಯ ಹೊತ್ತುಗಳಿಗೆ ಗೀಟು ಹೊಡೆದು ಹೊಸದು ಬರೆದಳು. ಹುಬ್ಬಳ್ಳಿ 7:30. ಕಲಘಟಗಿ 8:15. ಯಲ್ಲಾಪುರ 9:15, ಅದರ ಪಕ್ಕದಲ್ಲಿ "ಚಹಾ, ಕೇಳೋದು" ಅಂತ.